ಗುಂಡಿನ ಗಾಯವೂ ಮೂತ್ರನಾಳವೂ

ಹೊಟ್ಟೆಗೆ ಗುಂಡು ತಗುಲಿದ ಮನುಷ್ಯನನ್ನು ಆಸ್ಪತ್ರೆಗೆ ತಂದೊಡನೆ ಶಸ್ತ್ರವೈದ್ಯರ ಗಮನವು ಮೊದಲು ಎತ್ತ ಹೋಗುವುದೆಂಬುದನ್ನು ಯಾರು ಬೇಕಾದರೂ ಊಹಿಸಬಹುದು. ರಕ್ತವು ಎಲ್ಲಿ ಸುರಿಯುತ್ತಿರುವುದೋ ಅತ್ತ ಹೋಗುವುದು. ಹರಿದ ರಕ್ತನಾಳ, ಸೀಳಿದ ಯಕೃತ್ತು, ತೂತುಬಿದ್ದ ಕರುಳು, ಇವೆಲ್ಲವೂ ತಮಗೊದಗಿದ ಆಪತ್ತನ್ನು ತಾವೇ ಸಾರುತ್ತವೆ. ಆದರೆ ಇವೆಲ್ಲದರ ಹಿಂದೆ, ಬೆನ್ನಿನ ಸ್ನಾಯುವಿಗೆ ಒರಗಿಕೊಂಡು, ಬರೆಯುವ ಪೆನ್ಸಿಲಿನಷ್ಟೂ ದಪ್ಪವಿಲ್ಲದ ಒಂದು ನಾಳವುಂಟು. ಅದು ಎರಡು ತುಂಡಾಗಿ ಹೋದರೂ ಆ ದಿನ ಯಾರಿಗೂ ಏನೂ ತಿಳಿಯದಿರಬಹುದು. ರೋಗಿಗೆ ಅದರ ನೋವು ಬೇರೆಯಾಗಿ ತೋರದು. ವೈದ್ಯನ ಕಣ್ಣಿಗೆ ಅದು ತಾನಾಗಿ ಬೀಳದು. ನಾಲ್ಕಾರು ದಿನಗಳು ಕಳೆದು, ಉಳಿದ ಗಾಯಗಳೆಲ್ಲ ಮಾಯುತ್ತ ಬಂದಿವೆಯೆಂದು ಮನೆಯವರು ಧೈರ್ಯ ತಂದುಕೊಳ್ಳುವ ಹೊತ್ತಿಗೆ ಜ್ವರ ಬರುತ್ತದೆ, ಹೊಟ್ಟೆ ಉಬ್ಬುತ್ತದೆ. ಆ ನಾಳವೇ ಮೂತ್ರನಾಳ. ಅದಕ್ಕೆ ಗುಂಡಿನಿಂದಾದ ಗಾಯವನ್ನು ಪತ್ತೆಮಾಡುವುದು ಹೇಗೆ, ಸರಿಪಡಿಸುವುದು ಹೇಗೆ ಎಂಬುದು ಈ ಸಂಜೆಯ ನಮ್ಮ ವಿಷಯ.

ಇಷ್ಟು ಇಕ್ಕಟ್ಟಾದ ವಿಷಯವನ್ನು ಆರಿಸಿಕೊಂಡದ್ದೇಕೆಂದು ಶ್ರೋತೃಗಳು ಕೇಳಬಹುದು. ನಾನು ಶಸ್ತ್ರವೈದ್ಯನೂ ಅಲ್ಲ. ಕಾಲೇಜಿನಲ್ಲಿ ಶರೀರವಿಜ್ಞಾನವನ್ನು ಪಾಠ ಹೇಳುವ ಉಪಾಧ್ಯಾಯ. ಹೊಟ್ಟೆಗೆ ಗುಂಡು ತಗುಲಿದವರಲ್ಲಿಯೂ ಮೂತ್ರನಾಳಕ್ಕೆ ಪೆಟ್ಟಾಗುವುದು ನೂರಕ್ಕೆ ೨ ರಿಂದ ೫ ಮಂದಿಗೆ ಮಾತ್ರ ಎಂದು ಎಣಿಕೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಗುಂಡಿನ ಗಾಯಗಳಿಗೇನೂ ಬರಗಾಲವಿಲ್ಲ. ಆದರೂ ಅಲ್ಲಿನ ಜಾಕ್ ಮೆಕಾನಿಂಚ್ ಎಂಬ ಪ್ರಸಿದ್ಧ ವೈದ್ಯರು ತಮ್ಮ ಸಹೋದ್ಯೋಗಿಯೊಬ್ಬರೊಡನೆ ೨೦೦೩ರಲ್ಲಿ ೨೫ ವರ್ಷಗಳ ಅನುಭವವನ್ನು ಪ್ರಕಟಿಸಿದಾಗ, ಇಂಥ ರೋಗಿಗಳ ಸಂಖ್ಯೆ ಕೆಲವು ಹತ್ತುಗಳನ್ನು ಮೀರಿರಲಿಲ್ಲ. ಈ ಅಪರೂಪತೆಯೇ ಅಪಾಯದ ಅರ್ಧ ಭಾಗ. ವರ್ಷಕ್ಕೊಮ್ಮೆ ಎರಡು ವರ್ಷಕ್ಕೊಮ್ಮೆ ಎದುರಾಗುವುದನ್ನು ಯಾವ ವೈದ್ಯನೂ ಅಭ್ಯಾಸಬಲದಿಂದ ಗುರುತಿಸಲಾರ. ನೆನಪಿಟ್ಟುಕೊಂಡು ಹುಡುಕಿದರೆ ಮಾತ್ರ ಗುರುತಿಸಬಲ್ಲ. ಇನ್ನೊಂದು ಕಾರಣವನ್ನೂ ಹೇಳಬೇಕು. ಮೂತ್ರನಾಳಕ್ಕಾಗುವ ಗಾಯಗಳನ್ನೆಲ್ಲ ಒಟ್ಟುಗೂಡಿಸಿದರೆ ಐದರಲ್ಲಿ ನಾಲ್ಕು ಪಾಲು ಗುಂಡಿನಿಂದ ಆದುವಲ್ಲ; ಗರ್ಭಾಶಯವನ್ನು ತೆಗೆಯುವುದೇ ಮೊದಲಾದ ಶಸ್ತ್ರಚಿಕಿತ್ಸೆಗಳ ನಡುವೆ ಅಕಸ್ಮಾತ್ತಾಗಿ ಆದುವು. ಗುಂಡಿನ ಗಾಯದಿಂದ ಕಲಿತ ಪಾಠವು ಕೋವಿಯ ಸದ್ದನ್ನೇ ಕೇಳದ ನಮ್ಮ ಊರಿನ ಆಸ್ಪತ್ರೆಗಳಿಗೂ ಸಲ್ಲುತ್ತದೆ.

ಮೊದಲು ನಾಳದ ಪರಿಚಯ ಮಾಡಿಕೊಳ್ಳೋಣ. ಸೊಂಟದ ಮೇಲ್ಗಡೆ ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಒಂದೊಂದು ಮೂತ್ರಪಿಂಡವೂ, ಕೆಳಗಡೆ ಕಿಬ್ಬೊಟ್ಟೆಯಲ್ಲಿ ಮೂತ್ರಕೋಶವೂ ಇರುವುದು ಎಲ್ಲರಿಗೂ ತಿಳಿದದ್ದೇ. ಇವುಗಳನ್ನು ಸೇರಿಸತಕ್ಕ ಕೊಳವೆಯೇ ಮೂತ್ರನಾಳ. ಉದ್ದ ಸುಮಾರು ೨೫ ರಿಂದ ೩೦ ಸೆಂಟಿಮೀಟರು. ಅಗಲ ಮೂರು ನಾಲ್ಕು ಮಿಲಿಮೀಟರು. ಇದನ್ನು ಬರಿಯ ಕೊಳವೆಯೆಂದು ಭಾವಿಸಬಾರದು. ಮನೆಯ ಕೊಳಾಯಿಯಲ್ಲಿ ನೀರು ತನ್ನ ಭಾರದಿಂದ ಇಳಿದು ಬರುತ್ತದೆ. ಮೂತ್ರನಾಳದಲ್ಲಿಯಾದರೋ ಗೋಡೆಯ ಸ್ನಾಯುಗಳು ಎರೆಹುಳುವಿನ ಮೈಯಂತೆ ಮೇಲಿನಿಂದ ಕೆಳಕ್ಕೆ ಅಲೆಯಲೆಯಾಗಿ ಮುದುಡಿ, ಮೂತ್ರವನ್ನು ಗುಟುಕು ಗುಟುಕಾಗಿ ತಳ್ಳುತ್ತವೆ. ನಾವು ಮಲಗಿದ್ದರೂ, ತಲೆಕೆಳಗಾಗಿ ನಿಂತಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ನಾಳಕ್ಕೆ ಬೇಕಾದ ರಕ್ತವನ್ನು ತರುವ ದೊಡ್ಡ ರಕ್ತನಾಳವೊಂದು ಪ್ರತ್ಯೇಕವಾಗಿ ಇಲ್ಲ. ದಾರಿಯುದ್ದಕ್ಕೂ ಮೂತ್ರಪಿಂಡದ ರಕ್ತನಾಳದಿಂದಿಷ್ಟು, ಮಹಾಧಮನಿಯಿಂದಿಷ್ಟು, ಕಿಬ್ಬೊಟ್ಟೆಯ ರಕ್ತನಾಳಗಳಿಂದಿಷ್ಟು ಎಂದು ಸಣ್ಣ ಸಣ್ಣ ಕವಲುಗಳು ಬಂದು ಸೇರಿ, ಅದರ ಹೊರ ಹೊದಿಕೆಯಲ್ಲಿ ಬಲೆಯಂತೆ ಉದ್ದಕ್ಕೂ ಹರಡಿಕೊಂಡಿವೆ. ಮೇಲಿನ ಭಾಗಕ್ಕೆ ಈ ಕವಲುಗಳು ಬೆನ್ನೆಲುಬಿನ ಕಡೆಯಿಂದ ಬರುತ್ತವೆ. ಕೆಳಗಿನ ಭಾಗಕ್ಕೆ ಹೊರ ಪಕ್ಕದಿಂದ ಬರುತ್ತವೆ. ಹೊದಿಕೆಯನ್ನು ಸುಲಿದರೆ ನಾಳವು ಬಳ್ಳಿಯಿಂದ ಕಿತ್ತ ಕಾಯಿಯಂತೆ ಬಾಡುವುದು. ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಇದರ ಮೇಲೆ ನಿಂತಿದೆ.

ನಮ್ಮ ಪ್ರಾಚೀನರು ಈ ಪ್ರದೇಶದ ಅಪಾಯವನ್ನು ಅರಿಯದವರಲ್ಲ. ಸುಶ್ರುತನು ೧೦೭ ಮರ್ಮಗಳನ್ನು ಹೇಳುತ್ತ, ಬಸ್ತಿಯನ್ನು ಎಂದರೆ ಮೂತ್ರಕೋಶವನ್ನು ಕೂಡಲೆ ಪ್ರಾಣವನ್ನು ಹರಿಸತಕ್ಕ ಮರ್ಮಗಳ ಪಂಕ್ತಿಯಲ್ಲಿ ಇಟ್ಟಿದ್ದಾನೆ. ಆದರೆ ಬಾಣ, ಕತ್ತಿ, ಭಲ್ಲೆಗಳ ಗಾಯವೇ ಬೇರೆ, ಗುಂಡಿನ ಗಾಯವೇ ಬೇರೆ. ಕತ್ತಿಯು ತಾನು ಮುಟ್ಟಿದ್ದನ್ನು ಮಾತ್ರ ಕತ್ತರಿಸುತ್ತದೆ. ಗುಂಡು ಹಾಗಲ್ಲ.

ಚಲಿಸುವ ವಸ್ತುವಿನ ಶಕ್ತಿಯು ಅದರ ತೂಕದೊಡನೆ ಸಮನಾಗಿಯೂ, ವೇಗದೊಡನೆ ವರ್ಗವಾಗಿಯೂ ಬೆಳೆಯುವುದೆಂದು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ವೇಗವು ಎರಡರಷ್ಟಾದರೆ ಶಕ್ತಿಯು ನಾಲ್ಕರಷ್ಟಾಗುವುದು. ಸಾಮಾನ್ಯ ಪಿಸ್ತೂಲಿನ ಗುಂಡು ಸೆಕೆಂಡಿಗೆ ೩೫೦ ಮೀಟರಿನ ಆಸುಪಾಸಿನಲ್ಲಿ ಹೋದರೆ, ಯುದ್ಧದ ರೈಫಲಿನ ಗುಂಡು ೭೦೦ ರಿಂದ ೯೦೦ ಮೀಟರುಗಳಿಗೂ ಮೇಲ್ಪಟ್ಟ ವೇಗದಲ್ಲಿ ಹೋಗುತ್ತದೆ. ಇಂಥ ಗುಂಡು ಮಾಂಸದೊಳಗೆ ನುಗ್ಗಿದಾಗ, ದೋಣಿಯು ನೀರನ್ನು ಎರಡು ಪಕ್ಕಕ್ಕೂ ತಳ್ಳುವಂತೆ, ಸುತ್ತಲಿನ ಅಂಗಾಂಶವನ್ನು ಹೊರಕ್ಕೆ ಎಸೆಯುತ್ತದೆ. ಕಣ್ಣೆವೆ ಇಕ್ಕುವುದಕ್ಕಿಂತ ಅತ್ಯಲ್ಪ ಕಾಲದಲ್ಲಿ ಗುಂಡಿನ ಗಾತ್ರಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಪೊಳ್ಳೊಂದು ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಮೂತ್ರನಾಳವು ಹಿಗ್ಗುವ, ಪಕ್ಕಕ್ಕೆ ಸರಿಯುವ ಗುಣವುಳ್ಳದ್ದಾದ್ದರಿಂದ ಅನೇಕ ವೇಳೆ ತಪ್ಪಿಸಿಕೊಳ್ಳುತ್ತದೆ. ಆದರೆ ತಪ್ಪಿಸಿಕೊಂಡಂತೆ ಕಂಡರೂ, ಆ ಎಳೆತದಲ್ಲಿ ಅದರ ಹೊದಿಕೆಯ ಸೂಕ್ಷ್ಮ ರಕ್ತನಾಳಗಳು ಹರಿದು ಒಳಗೊಳಗೇ ಹೆಪ್ಪುಗಟ್ಟಿರಬಹುದು. ಕಣ್ಣಿಗೆ ಕಾಣುವ ಗಾಯದ ಅಂಚಿನಿಂದ ಎರಡು ಸೆಂಟಿಮೀಟರು ಆಚೆಯವರೆಗೂ ಈ ಹಾನಿ ಹರಡಿರುವುದನ್ನು ಸೂಕ್ಷ್ಮದರ್ಶಕವು ತೋರಿಸಿಕೊಟ್ಟಿದೆ. ಗುಂಡು ನಾಳವನ್ನು ಮುಟ್ಟದೆಯೇ ಪಕ್ಕದಲ್ಲಿ ಹಾದುಹೋಗಿದ್ದರೂ ಸರಿ, ರಕ್ತ ಬತ್ತಿದ ಆ ಭಾಗವು ಮೂರು ನಾಲ್ಕು ದಿನಗಳಲ್ಲಿ ಸತ್ತು, ತೂತಾಗಿ, ಸೋರುವುದಕ್ಕೆ ತೊಡಗುತ್ತದೆ. ಮೊದಲ ದಿನ ಗುಲಾಬಿ ಬಣ್ಣದಿಂದ ಹೊಳೆಯುತ್ತಿದ್ದ ನಾಳವು ಐದನೆಯ ದಿನ ಕೊಳೆತಿರಬಹುದು. ಮುದುಡಿ ಅಲೆಯಾಡುತ್ತಿದ್ದರೆ ಅದು ಆರೋಗ್ಯವಾಗಿದೆಯೆಂದು ಹಿಂದೆ ನಂಬುತ್ತಿದ್ದರು. ಆ ನಂಬಿಕೆಯೂ ಪೂರ್ತಿ ಸರಿಯಲ್ಲ. ಜಜ್ಜಿದ ನಾಳವೂ ಕೆಲಕಾಲ ಅಲೆಯಾಡುವುದುಂಟು.

ಕೊಡಗು ಮಲೆನಾಡುಗಳ ಕಡೆ ಬೇಟೆಯಲ್ಲಿ ಕೈತಪ್ಪಿ ಆಗುವ ಗಾಯಗಳು ಬೇರೊಂದು ಜಾತಿಯವು. ಅಲ್ಲಿ ಬಳಕೆಯಲ್ಲಿರುವ ತೋಟಾ ಕೋವಿಯು ಒಂದು ಗುಂಡನ್ನಲ್ಲ, ಸೀಸದ ಸಣ್ಣ ಕಾಳುಗಳ ಸಮೂಹವನ್ನು ಹಾರಿಸುತ್ತದೆ. ದೂರದಿಂದ ಬಂದರೆ ಅವು ಚೆದರಿ, ಚರ್ಮದಲ್ಲಿಯೂ ಸ್ನಾಯುವಿನಲ್ಲಿಯೂ ನಿಲ್ಲುತ್ತವೆ. ಹತ್ತಿರದಿಂದ ಬಂದರೆ ಒಟ್ಟಾಗಿ ನುಗ್ಗಿ ಒಂದೇ ದೊಡ್ಡ ಗಾಯವನ್ನು ಮಾಡುತ್ತವೆ. ಇಲ್ಲಿ ವೇಗ ಕಡಮೆಯಾದರೂ ತೂತುಗಳು ಅನೇಕ, ಅವುಗಳ ದಾರಿಯೂ ಅನೇಕ. ಆದ್ದರಿಂದ ಹುಡುಕುವ ಕಷ್ಟ ಇನ್ನೂ ಹೆಚ್ಚು.

ಮೂತ್ರನಾಳವು ಹೊರಗಿನ ಪೆಟ್ಟಿನಿಂದ ಹರಿದುದರ ಮೊದಲ ವರದಿ ೧೮೬೮ರದು. ಲಂಡನ್ನಿನ ಆಲ್ಫ್ರೆಡ್ ಪೋಲೆಂಡ್ ಎಂಬ ಶಸ್ತ್ರವೈದ್ಯನು ಅದನ್ನು ಬರೆದಿಟ್ಟನು. ರೈಲು ಗಾಡಿಗೂ ಪ್ಲಾಟ್‌ಫಾರಮಿಗೂ ನಡುವೆ ಸಿಕ್ಕಿಕೊಂಡ ಒಬ್ಬ ಸ್ತ್ರೀ ಆರನೆಯ ದಿನ ತೀರಿಕೊಂಡಳು. ಶವವನ್ನು ಪರೀಕ್ಷಿಸಿದಾಗ ಮೂತ್ರಪಿಂಡದ ಹತ್ತಿರ ನಾಳವು ಕಿತ್ತುಬಂದಿದ್ದುದು ಕಂಡಿತು. ಆ ಕಾಲದಲ್ಲಿ ಈ ರೋಗನಿರ್ಣಯವು ಮರಣಾನಂತರದ ಮಾತೇ ಆಗಿತ್ತು. ಮರುವರ್ಷವೇ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗುಸ್ತಾವ್ ಸಿಮೊನ್ ಎಂಬಾತನ ಮುಂದೆ ಇದೇ ಸಮಸ್ಯೆಯು ಜೀವಂತವಾಗಿ ಬಂದು ನಿಂತಿತು. ಅಂಡಾಶಯದ ಗಡ್ಡೆಯನ್ನು ತೆಗೆಸಿಕೊಂಡ ಸ್ತ್ರೀಯೊಬ್ಬಳಿಗೆ, ಆ ಚಿಕಿತ್ಸೆಯಲ್ಲಿ ಮೂತ್ರನಾಳಕ್ಕೆ ಪೆಟ್ಟಾಗಿ, ಮೂತ್ರವು ಎಡೆಬಿಡದೆ ಹೊರಗೆ ಸೋರುತ್ತಿತ್ತು. ನಾಳವನ್ನು ಸರಿಪಡಿಸುವ ಉಪಾಯ ಯಾರಿಗೂ ತಿಳಿಯದು. ಒಂದು ಮೂತ್ರಪಿಂಡವನ್ನು ತೆಗೆದುಬಿಟ್ಟರೆ ಉಳಿದ ಒಂದರಿಂದ ಮನುಷ್ಯನು ಬದುಕಬಲ್ಲನೋ ಇಲ್ಲವೋ, ಅದೂ ತಿಳಿಯದು. ಸಿಮೊನನು ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿ ನೋಡಿ, ೧೮೬೯ರ ಆಗಸ್ಟ್ ೨ರಂದು ಆಕೆಯ ಮೂತ್ರಪಿಂಡವನ್ನು ತೆಗೆದನು, ಆಕೆ ಗುಣಹೊಂದಿದಳು. ಹೀಗೆ ಉದ್ದೇಶಪೂರ್ವಕವಾಗಿ ಮೂತ್ರಪಿಂಡವನ್ನು ತೆಗೆದ ಮೊದಲ ಯಶಸ್ವಿ ಚಿಕಿತ್ಸೆಯು, ನಿಜವಾಗಿ ನೋಡಿದರೆ, ಪೆನ್ಸಿಲಿಗಿಂತ ತೆಳುವಾದ ನಾಳವೊಂದನ್ನು ಹೊಲಿಯಲಾರದೆ ತೆತ್ತ ಬೆಲೆ. ಕಾಲುವೆ ಒಡೆದಿತೆಂದು ಕೆರೆಯನ್ನೇ ಮುಚ್ಚಿದಂತೆ. ಆ ಮೇಲಿನ ನೂರೈವತ್ತು ವರ್ಷಗಳ ಪ್ರಯತ್ನವೆಲ್ಲ ಈ ಬೆಲೆಯನ್ನು ತೆರದಿರುವುದು ಹೇಗೆ ಎಂಬುದರ ಕಡೆಗೇ ನಡೆದಿದೆ.

ಇನ್ನು ಪತ್ತೆಮಾಡುವ ವಿಷಯ. ಮೂತ್ರದ ಅಂಗಗಳಿಗೆ ಪೆಟ್ಟಾದರೆ ಮೂತ್ರದಲ್ಲಿ ರಕ್ತ ಕಾಣಬೇಕು ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಮೂತ್ರನಾಳದ ವಿಷಯದಲ್ಲಿ ಈ ತಿಳಿವಳಿಕೆಯು ಮೋಸಮಾಡುತ್ತದೆ. ಗಾಯಗೊಂಡವರಲ್ಲಿ ನೂರಕ್ಕೆ ೨೫ ರಿಂದ ೪೫ ಮಂದಿಯ ಮೂತ್ರದಲ್ಲಿ ರಕ್ತವೇ ಇರುವುದಿಲ್ಲ. ಸ್ವಲ್ಪ ಯೋಚಿಸಿದರೆ ಇದರ ಕಾರಣವು ಹೊಳೆಯುವುದು. ನಾಳವು ಪೂರ್ತಿಯಾಗಿ ತುಂಡಾದರೆ ಆ ಕಡೆಯ ಮೂತ್ರವಾಗಲಿ ರಕ್ತವಾಗಲಿ ಮೂತ್ರಕೋಶಕ್ಕೆ ಬಂದು ಸೇರುವ ದಾರಿಯೇ ಇಲ್ಲ. ಹೊರಗೆ ಬರುವುದೆಲ್ಲ ಇನ್ನೊಂದು ಪಕ್ಕದ ಆರೋಗ್ಯವಾದ ಮೂತ್ರಪಿಂಡದ ತಿಳಿಯಾದ ಮೂತ್ರ. ಗಾಯವು ಎಷ್ಟು ಪೂರ್ಣವೋ ಸಾಕ್ಷ್ಯವು ಅಷ್ಟು ನಿರ್ಮಲ! ನಗರದ ನೀರಿನ ಕೊಳವೆ ರಸ್ತೆಯ ಕೆಳಗೆ ಒಡೆದಾಗ, ಒಡೆದ ಜಾಗದಲ್ಲಿ ಏನೂ ತೋರದೆ, ಎಷ್ಟೋ ದಿನಗಳ ಮೇಲೆ ಇನ್ನೆಲ್ಲಿಯೋ ನೆಲ ಕುಸಿಯುವುದನ್ನು ಬೆಂಗಳೂರಿನವರು ಕಂಡಿದ್ದಾರೆ. ಇದೂ ಹಾಗೆಯೇ. ಆದುದರಿಂದ ವೈದ್ಯನು ಚಿಹ್ನೆಗಾಗಿ ಕಾಯತಕ್ಕದ್ದಲ್ಲ. ಗುಂಡು ಒಳಹೊಕ್ಕ ಜಾಗ ಯಾವುದು, ಹೊರಬಿದ್ದ ಅಥವಾ ನಿಂತ ಜಾಗ ಯಾವುದು, ಇವೆರಡನ್ನೂ ಸೇರಿಸುವ ಗೆರೆಯು ಮೂತ್ರನಾಳದ ದಾರಿಯ ಸಮೀಪದಲ್ಲಿ ಹಾಯುವುದೇ? ಹಾಯುವುದಾದರೆ, ಗಾಯವಿಲ್ಲವೆಂದು ಸಿದ್ಧವಾಗುವವರೆಗೆ ಗಾಯವಿದೆ ಎಂದೇ ಇಟ್ಟುಕೊಳ್ಳಬೇಕು.

ರೋಗಿಯ ರಕ್ತದ ಒತ್ತಡ, ನಾಡಿ ಮುಂತಾದುವು ನೆಟ್ಟಗಿದ್ದು, ಪರೀಕ್ಷೆಗೆ ಸಮಯವಿದ್ದರೆ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ೧೮೯೫ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಎಕ್ಸ್-ರೇ ಕಿರಣಗಳನ್ನೇ ಸುತ್ತಲೂ ತಿರುಗಿಸಿ, ಕಂಪ್ಯೂಟರಿನಿಂದ ದೇಹದ ಅಡ್ಡಕೊಯ್ತದ ಚಿತ್ರಗಳನ್ನು ಪಡೆಯುವ ಯಂತ್ರವಿದು. ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ರಚಿಸಿದ ಇದರಿಂದ ೧೯೭೧ರಲ್ಲಿ ಮೊದಲ ರೋಗಿಯನ್ನು ಪರೀಕ್ಷಿಸಿದರು. ರಕ್ತನಾಳಕ್ಕೆ ಅಯೋಡಿನ್ ಕೂಡಿದ ದ್ರವವನ್ನು ಚುಚ್ಚಿ ಚಿತ್ರ ತೆಗೆದರೆ ರಕ್ತವಿರುವ ಭಾಗಗಳು ಬೆಳ್ಳಗೆ ಕಾಣುತ್ತವೆ. ಇಲ್ಲೊಂದು ಸಣ್ಣ ವಿಷಯದ ಮೇಲೆ ದೊಡ್ಡ ಫಲವು ನಿಂತಿದೆ. ದ್ರವವನ್ನು ಚುಚ್ಚಿದ ಒಂದೆರಡು ನಿಮಿಷಗಳೊಳಗೆ ತೆಗೆದ ಚಿತ್ರದಲ್ಲಿ ಯಕೃತ್ತು, ಗುಲ್ಮ, ರಕ್ತನಾಳ ಎಲ್ಲವೂ ಚೆನ್ನಾಗಿ ಕಾಣುವುವು. ಮೂತ್ರನಾಳ ಮಾತ್ರ ಕಾಣದು. ಏಕೆಂದರೆ ದ್ರವವು ರಕ್ತದಿಂದ ಸೋಸಿ ಮೂತ್ರಕ್ಕೆ ಬಂದು ನಾಳದಲ್ಲಿ ಇಳಿಯುವುದಕ್ಕೆ ಹೊತ್ತು ಬೇಕು. ಹತ್ತು ನಿಮಿಷ ಕಾದು ಮತ್ತೊಮ್ಮೆ ಚಿತ್ರ ತೆಗೆದರೆ ನಾಳವು ಬಿಳಿಯ ದಾರದಂತೆ ತೋರುತ್ತದೆ; ಒಡೆದಿದ್ದರೆ ಬಿಳಿಯ ದ್ರವವು ಪಕ್ಕಕ್ಕೆ ಚೆಲ್ಲಿರುವುದು, ಇಲ್ಲವೆ ದಾರವು ಅರ್ಧದಲ್ಲೇ ನಿಂತಿರುವುದು ಕಾಣುತ್ತದೆ. ಅವಸರದ ಆಸ್ಪತ್ರೆಯಲ್ಲಿ ಆ ಹತ್ತು ನಿಮಿಷ ಕಾಯುವ ತಾಳ್ಮೆ ಇತ್ತೇ ಇಲ್ಲವೇ ಎಂಬುದರ ಮೇಲೆ ಒಂದು ಮೂತ್ರಪಿಂಡದ ಭವಿಷ್ಯ ನಿಂತಿರಬಹುದು. ಅಮೆರಿಕದ ಮೂತ್ರಾಂಗ ವೈದ್ಯರ ಸಂಘವು ೨೦೧೪ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಈ ತಡವಾದ ಚಿತ್ರವನ್ನು ತಪ್ಪದೆ ತೆಗೆಯಬೇಕೆಂದು ಹೇಳುತ್ತದೆ. ಸ್ಕ್ಯಾನಿನಿಂದಲೂ ಸಂದೇಹ ಹರಿಯದಿದ್ದರೆ, ಮೂತ್ರಕೋಶದೊಳಕ್ಕೆ ದೀಪವುಳ್ಳ ಸಿಸ್ಟೊಸ್ಕೋಪನ್ನು ತೂರಿಸಿ, ನಾಳದ ಕೆಳಬಾಯಿಯಿಂದ ಮೇಲ್ಮುಖವಾಗಿ ದ್ರವವನ್ನು ಏರಿಸಿ ಎಕ್ಸ್-ರೇ ತೆಗೆಯುತ್ತಾರೆ. ೧೯೦೬ರಷ್ಟು ಹಳೆಯದಾದ ಈ ವಿಧಾನವೇ ಇಂದಿಗೂ ಅತ್ಯಂತ ನಂಬಿಕೆಗೆ ಅರ್ಹವಾದದ್ದು.

ಆದರೆ ಗುಂಡು ತಗುಲಿದ ಅನೇಕರಿಗೆ ಸ್ಕ್ಯಾನಿನ ಭಾಗ್ಯವೂ ಇರುವುದಿಲ್ಲ. ರಕ್ತ ಸುರಿಯುತ್ತಿರುವವರನ್ನು ನೇರವಾಗಿ ಶಸ್ತ್ರಚಿಕಿತ್ಸೆಯ ಕೊಠಡಿಗೆ ಒಯ್ಯಬೇಕು. ಅಲ್ಲಿ ರಕ್ತವನ್ನು ನಿಲ್ಲಿಸಿ, ಕರುಳಿನ ತೂತುಗಳನ್ನು ಮುಚ್ಚಿದ ಮೇಲೆ ಶಸ್ತ್ರವೈದ್ಯನು ಮೂತ್ರನಾಳವನ್ನು ಕಣ್ಣಾರೆ ನೋಡಬೇಕು. ಹೊಟ್ಟೆಯ ಹಿಂಗೋಡೆಯ ತೆಳುಪೊರೆಯನ್ನು ಸೀಳಿ, ಗುಂಡಿನ ದಾರಿಗೆ ಮೇಲೂ ಕೆಳಗೂ ನಾಳವನ್ನು ಹಿಂಬಾಲಿಸಬೇಕು. ರಕ್ತ ಹೆಪ್ಪುಗಟ್ಟಿ ಕಪ್ಪಾದ ಆ ಜಾಗದಲ್ಲಿ ನಾಳವನ್ನು ಗುರುತಿಸುವುದೇ ಪ್ರಯಾಸ. ಬೆರಳಿನಿಂದ ಮುಟ್ಟಿ ನೋಡಿದೆನೆಂದರೆ ಸಾಲದು. ಇಲ್ಲಿ ನೀಲಿಯು ನೆರವಿಗೆ ಬರುತ್ತದೆ. ೧೯೦೩ರಲ್ಲಿ ಫೋಲ್ಕರ್ ಮತ್ತು ಜೋಸೆಫ್ ಎಂಬ ಜರ್ಮನ್ ವೈದ್ಯರು, ನೀಲಿಗಿಡದ ಬಣ್ಣಕ್ಕೆ ಸಮೀಪ ಬಂಧುವಾದ ಇಂಡಿಗೊ ಕಾರ್ಮಿನ್ ಎಂಬ ಬಣ್ಣವನ್ನು ದೇಹಕ್ಕೆ ಚುಚ್ಚಿದರೆ ಮೂತ್ರವು ನೀಲಿಯಾಗಿ ಬರುವುದನ್ನು ಬಳಸಿಕೊಂಡು ಮೂತ್ರಪಿಂಡಗಳನ್ನು ಪರೀಕ್ಷಿಸುವ ಕ್ರಮವನ್ನು ತೋರಿಸಿದರು. ತೊಟ್ಟಿಯ ಸೋರಿಕೆಯನ್ನು ಹುಡುಕುವುದಕ್ಕೆ ನೀರಿಗೆ ಬಣ್ಣ ಹಾಕಿ ನೋಡುವುದಿಲ್ಲವೇ, ಅದೇ ಯುಕ್ತಿ. ಆದರೆ ಆಘಾತದಲ್ಲಿರುವ ರೋಗಿಯಲ್ಲಿ ಮೂತ್ರವೇ ಸರಿಯಾಗಿ ಉತ್ಪತ್ತಿಯಾಗದು; ರಕ್ತಕ್ಕೆ ಹಾಕಿದ ಬಣ್ಣವು ಬರುವವರೆಗೆ ಕಾಯುತ್ತ ಕುಳಿತಿರಲಾಗದು. ಆಗ ಮೆಥಿಲೀನ್ ನೀಲಿಯ ಒಂದೆರಡು ಮಿಲಿಲೀಟರನ್ನು ಅತಿ ಸಣ್ಣ ಸೂಜಿಯಿಂದ ಮೂತ್ರಪಿಂಡದ ಬುಡದಲ್ಲಿರುವ ಮೂತ್ರದ ಆಲಿಕೆಗೇ ನೇರವಾಗಿ ಚುಚ್ಚುತ್ತಾರೆ. ನಾಳದಲ್ಲಿ ತೂತಿದ್ದರೆ ಅಲ್ಲಿ ನೀಲಿಯ ಹನಿ ಮೂಡುತ್ತದೆ. ಹೆಚ್ಚಾಗಿ ಚುಚ್ಚಿದರೆ ಎಲ್ಲೆಲ್ಲಿಯೂ ನೀಲಿಯೇ ಹರಡಿ ಏನೂ ಕಾಣದೆ ಹೋಗುವುದರಿಂದ ಕೈ ಹಿಡಿತವಿರಬೇಕು.

ಗಾಯವು ಕಂಡಿತು, ಇನ್ನು ಸರಿಪಡಿಸುವ ಮಾತು. ವೈದ್ಯರು ಗಾಯವನ್ನು ಐದು ದರ್ಜೆಗಳಾಗಿ ವಿಂಗಡಿಸಿಕೊಳ್ಳುತ್ತಾರೆ: ಬರಿಯ ಜಜ್ಜುಗಾಯ, ಅರ್ಧಕ್ಕಿಂತ ಕಡಮೆ ಸೀಳಿದ್ದು, ಅರ್ಧಕ್ಕಿಂತ ಹೆಚ್ಚು ಸೀಳಿದ್ದು, ಪೂರ್ತಿ ತುಂಡಾಗಿ ಎರಡು ಸೆಂಟಿಮೀಟರಿಗಿಂತ ಕಡಮೆ ಭಾಗದಲ್ಲಿ ರಕ್ತ ಬತ್ತಿದ್ದು, ಅದಕ್ಕೂ ಹೆಚ್ಚು ಭಾಗದಲ್ಲಿ ಬತ್ತಿದ್ದು. ಜಜ್ಜುಗಾಯವನ್ನು ಹಗುರವೆಂದು ಭಾವಿಸತಕ್ಕದ್ದಲ್ಲವೆಂಬುದನ್ನು ಈ ಮೊದಲೇ ಸೂಚಿಸಿದ್ದೇನೆ. ಸ್ವಲ್ಪ ಜಜ್ಜಿದ್ದರೆ ನಾಳದೊಳಗೆ ಸ್ಟೆಂಟ್ ಎಂಬ ಮೆತುವಾದ ಕೊಳವೆಯನ್ನು ಇಟ್ಟು ಬಿಡುತ್ತಾರೆ; ಹೆಚ್ಚಾಗಿ ಜಜ್ಜಿದ್ದರೆ, ತೂತಿಲ್ಲದಿದ್ದರೂ, ಆ ಭಾಗವನ್ನು ಕತ್ತರಿಸಿ ತೆಗೆದು ಜೋಡಿಸುವುದೇ ಕ್ಷೇಮ.

ಈ ಜೋಡಣೆಯ ಕ್ರಮವು ನೋಡತಕ್ಕಂಥದು. ಹರಿದ ಬಟ್ಟೆಯನ್ನು ದರ್ಜಿಯು ಹಾಗೆಯೇ ಹೊಲಿಯುವುದಿಲ್ಲ. ಎಳೆ ಬಿಟ್ಟ ಅಂಚನ್ನು ಕತ್ತರಿಸಿ, ಗಟ್ಟಿ ಬಟ್ಟೆ ಸಿಕ್ಕಿದ ಮೇಲೆ ಹೊಲಿಯುತ್ತಾನೆ. ಇಲ್ಲಿಯೂ ಕತ್ತರಿಸಿದ ಅಂಚಿನಿಂದ ಕೆಂಪು ರಕ್ತ ಜಿನುಗುವವರೆಗೆ ಸತ್ತ ಭಾಗವನ್ನು ತೆಗೆಯುತ್ತಾರೆ. ನಾಳವನ್ನು ಉಳಿಸಬೇಕೆಂಬ ಲೋಭದಿಂದ ಸ್ವಲ್ಪ ಕಡಮೆ ಕತ್ತರಿಸಿದರೆ ಎಲ್ಲವೂ ಕೆಡುವುದು. ಹೊದಿಕೆಯನ್ನು ಸುಲಿದು ಹೆಚ್ಚಾಗಿ ಎಳೆದರೂ ಕೆಡುವುದು. ಎರಡು ತುದಿಗಳನ್ನೂ ನೇರವಾಗಿ ಸೇರಿಸಿದರೆ ಮಾಯುವಾಗ ಸುತ್ತಲೂ ಬಳೆಯಂತೆ ಕಲೆಗಟ್ಟಿ ದಾರಿಯು ಇಕ್ಕಟ್ಟಾಗುವುದೆಂದು, ಪ್ರತಿಯೊಂದು ತುದಿಯನ್ನೂ ಜೊಂಡಿನ ಲೇಖನಿಯ ತುದಿಯಂತೆ ಓರೆಯಾಗಿ ಸೀಳಿ ಅಗಲಮಾಡಿಕೊಳ್ಳುತ್ತಾರೆ. ಆಮೇಲೆ ತಾನಾಗಿ ಕರಗಿಹೋಗುವ ಅತಿ ಸೂಕ್ಷ್ಮವಾದ ದಾರದಿಂದ, ಎಳೆತವಿಲ್ಲದೆ, ನೀರು ಸೋರದಂತೆ, ಸ್ಟೆಂಟಿನ ಮೇಲೆ ಹೊಲಿಯುತ್ತಾರೆ. ಈಗ ಎಲ್ಲೆಡೆಯೂ ಬಳಸುವ, ಎರಡು ತುದಿಗಳಲ್ಲಿಯೂ ಕೊಕ್ಕೆಯಂತೆ ಬಾಗಿದ ಸ್ಟೆಂಟು ೧೯೭೮ರಲ್ಲಿ ಬಂದದ್ದು. ಒಂದು ಕೊಕ್ಕೆ ಮೂತ್ರಪಿಂಡದಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ ಕುಳಿತು ಅದು ಜಾರದಂತೆ ಹಿಡಿಯುತ್ತದೆ. ಪಕ್ಕದಲ್ಲಿಯೇ ಕರುಳಿನ ಅಥವಾ ರಕ್ತನಾಳದ ಹೊಲಿಗೆಯೂ ಇದ್ದರೆ, ಕರುಳುಗಳ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರವನ್ನು ತಂದು ನಡುವೆ ಹೊದಿಸುತ್ತಾರೆ. ಸೋರಿದ್ದು ಹೊರಗೆ ಬರುವಂತೆ ಪಕ್ಕದಲ್ಲೊಂದು ಕೊಳವೆಯನ್ನೂ ಇಟ್ಟಿರುತ್ತಾರೆ.

ಎರಡು ಮೂರು ಸೆಂಟಿಮೀಟರು ನಷ್ಟವಾಗಿದ್ದರೆ ಹೀಗೆ ತುದಿಗೆ ತುದಿ ಸೇರಿಸಬಹುದು. ಮೂತ್ರಕೋಶಕ್ಕೆ ಹತ್ತಿರದ ಕೆಳಭಾಗವು ಹಾಳಾಗಿದ್ದರೆ ಉಪಾಯವೇ ಬೇರೆ: ಕೆಳತುಂಡನ್ನು ಬಿಟ್ಟು, ಮೇಲಿನ ತುದಿಯನ್ನು ಮೂತ್ರಕೋಶದಲ್ಲಿ ಹೊಸ ಬಾಯಿ ತೆರೆದು ಅಲ್ಲಿಗೇ ನಾಟುತ್ತಾರೆ. ತುದಿಯು ನಿಲುಕದಿದ್ದರೆ ಮೂತ್ರಕೋಶವನ್ನೇ ಮೇಲಕ್ಕೆಳೆದು, ಕರುವನ್ನು ಗೂಟಕ್ಕೆ ಕಟ್ಟುವಂತೆ, ಸೊಂಟದ ಸೋಯಾಸ್ ಸ್ನಾಯುವಿಗೆ ಹೊಲಿದು ನಿಲ್ಲಿಸುತ್ತಾರೆ. ಇದರಿಂದ ಆರರಿಂದ ಹತ್ತು ಸೆಂಟಿಮೀಟರು ದೊರೆಯುವುದು. ಅದೂ ಸಾಲದಾದರೆ, ೧೮೯೪ರಲ್ಲಿ ಇಟಲಿಯ ಬೊಆರಿ ನಾಯಿಯ ಮೇಲೆ ಮಾಡಿ ತೋರಿಸಿದಂತೆ, ಮೂತ್ರಕೋಶದ ಗೋಡೆಯಿಂದ ಒಂದು ಪಟ್ಟಿಯನ್ನು ಬಿಡಿಸಿ, ವೀಳ್ಯದೆಲೆಯಂತೆ ಸುರುಳಿ ಸುತ್ತಿ, ಕೊಳವೆಮಾಡಿ ಮೇಲಕ್ಕೆ ಏರಿಸುತ್ತಾರೆ. ಹನ್ನೆರಡು ಹದಿನೈದು ಸೆಂಟಿಮೀಟರುಗಳ ಕೊರತೆಯೂ ತುಂಬುವುದು. ಗಾಯಗೊಂಡ ನಾಳವನ್ನು ಬೆನ್ನೆಲುಬಿನ ಮುಂದೆ ಅಡ್ಡ ಹಾಯಿಸಿ ಇನ್ನೊಂದು ಪಕ್ಕದ ನಾಳಕ್ಕೆ ಸೇರಿಸುವ ಪದ್ಧತಿಯೂ ಒಂದುಂಟು. ಚತುರವಾದ ಉಪಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಟ್ಟ ಒಂದನ್ನು ಸರಿಪಡಿಸುವುದಕ್ಕಾಗಿ ನೆಟ್ಟಗಿರುವ ಇನ್ನೊಂದಕ್ಕೆ ಕತ್ತರಿ ಹಾಕುವುದು ನನಗಂತೂ ಒಪ್ಪಿಗೆಯಾಗದು; ಶಸ್ತ್ರವೈದ್ಯರೂ ಹಿಂದೆಮುಂದೆ ನೋಡಿಯೇ ಇದಕ್ಕೆ ಕೈಹಾಕುತ್ತಾರೆ. ಇಡೀ ನಾಳವೇ ನಾಶವಾಗಿದ್ದರೆ ಸಣ್ಣ ಕರುಳಿನ ತುಂಡನ್ನು ಅದರ ಜಾಗದಲ್ಲಿ ಇಡಬಹುದು. ಅಥವಾ ೧೯೬೩ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಜೇಮ್ಸ್ ಹಾರ್ಡಿ ಮಾಡಿದಂತೆ, ಮೂತ್ರಪಿಂಡವನ್ನೇ ಕಿತ್ತು ಕೆಳಗೆ ಕಿಬ್ಬೊಟ್ಟೆಯಲ್ಲಿ ಮತ್ತೆ ನಾಟಬಹುದು. ಇವೆರಡೂ ಗಾಯದ ದಿನದ ಕೆಲಸವಲ್ಲ, ಮುಂದೆ ನಿಧಾನವಾಗಿ ಮಾಡತಕ್ಕವು.

ಗಾಯದ ದಿನದ ಅತಿ ಕಷ್ಟವಾದ ನಿರ್ಧಾರವು ಈ ಯಾವುದನ್ನೂ ಮಾಡದಿರುವುದು. ಬಹಳ ರಕ್ತ ಹೋದ ರೋಗಿಯ ಮೈ ತಣ್ಣಗಾಗುತ್ತದೆ, ರಕ್ತವು ಆಮ್ಲವಾಗುತ್ತದೆ, ಹೆಪ್ಪುಗಟ್ಟುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಈ ಮೂರೂ ಒಂದನ್ನೊಂದು ಬೆಳೆಸುತ್ತ ಹೋಗುತ್ತವೆ. ಅಂಥವನ ಹೊಟ್ಟೆಯನ್ನು ತೆರೆದಿಟ್ಟುಕೊಂಡು ಇನ್ನೊಂದು ಗಂಟೆ ನಾಜೂಕಾಗಿ ಮೂತ್ರನಾಳವನ್ನು ಹೊಲಿದರೆ, ನಾಳವು ಉಳಿದೀತು, ಮನುಷ್ಯನು ಉಳಿಯನು. ಆಗ ಶಸ್ತ್ರವೈದ್ಯನು ನಾಳದ ತುದಿಯನ್ನು ಉದ್ದವಾದ ದಾರದಿಂದ ಕಟ್ಟಿಬಿಡುತ್ತಾನೆ. ಇಲ್ಲವೆ ಅದರೊಳಗೆ ಕೊಳವೆಯನ್ನಿಟ್ಟು ಚರ್ಮದ ಹೊರಕ್ಕೆ ತಂದುಬಿಡುತ್ತಾನೆ. ಕಟ್ಟಿದ್ದಾದರೆ, ರೋಗಿಯು ಸ್ವಲ್ಪ ಚೇತರಿಸಿಕೊಂಡ ಮೇಲೆ ಬೆನ್ನಿನ ಕಡೆಯಿಂದ ಸೂಜಿಯ ದಾರಿಯಲ್ಲಿ ಮೂತ್ರಪಿಂಡಕ್ಕೆ ಒಂದು ಕೊಳವೆಯನ್ನು ಹಾಕಿ ಮೂತ್ರವನ್ನು ಹೊರಕ್ಕೆ ಹರಿಸುತ್ತಾರೆ. ಕೆಲವು ದಿನಗಳ ತಡೆಯನ್ನು ಮೂತ್ರಪಿಂಡವು ತಾಳಿಕೊಳ್ಳಬಲ್ಲದು. ರಕ್ತಸ್ರಾವವನ್ನು ದೇಹವು ತಾಳಿಕೊಳ್ಳಲಾರದು. ಮೊದಲು ಪ್ರಾಣ, ಆಮೇಲೆ ಮೂತ್ರಪಿಂಡ. ದಾರವನ್ನು ಉದ್ದವಾಗಿ ಬಿಡುವುದು ಮುಂದೆ ಬರುವ ಶಸ್ತ್ರವೈದ್ಯನಿಗೆ ತುದಿಯು ಸುಲಭವಾಗಿ ಸಿಕ್ಕಲೆಂದು. ಮೂತ್ರಪಿಂಡವನ್ನು ತೆಗೆಯುವ ಸಿಮೊನನ ಉಪಾಯವು ಇಂದು ಬೇರೆ ಗತಿಯಿಲ್ಲದಾಗಿನ ಕೊನೆಯ ಮಾತು.

ಗಾಯವು ಮೊದಲ ದಿನ ಕಣ್ತಪ್ಪಿಹೋದರೆ? ಜ್ವರ, ಪಕ್ಕೆನೋವು, ಉಬ್ಬಿದ ಹೊಟ್ಟೆ, ಅಲುಗಾಡದ ಕರುಳು, ಹೊರಗಿಟ್ಟ ಕೊಳವೆಯಲ್ಲಿ ನಿಲ್ಲದೆ ಬರುವ ತಿಳಿನೀರು. ಇವುಗಳನ್ನು ಕಂಡೊಡನೆ ಮೂತ್ರನಾಳವನ್ನು ನೆನೆಯಬೇಕು. ಆ ನೀರು ಮೂತ್ರವೋ ಅಲ್ಲವೋ ಎಂಬುದನ್ನು ತಿಳಿಯುವ ಉಪಾಯ ಸರಳವಾದದ್ದು. ಕ್ರಿಯಾಟಿನಿನ್ ಎಂಬ ಕಶ್ಮಲವು ರಕ್ತದಲ್ಲಿ ಅಲ್ಪವಾಗಿಯೂ ಮೂತ್ರದಲ್ಲಿ ಅದರ ಎಷ್ಟೋ ಪಾಲು ಹೆಚ್ಚಾಗಿಯೂ ಇರುವುದರಿಂದ, ಎರಡನ್ನೂ ಅಳೆದು ಹೋಲಿಸಿದರೆ ಉತ್ತರ ದೊರೆಯುವುದು. ಮೊದಲ ಕೆಲವು ದಿನಗಳೊಳಗೆ ಗೊತ್ತಾದರೆ ಮತ್ತೆ ತೆರೆದು ಹೊಲಿಯಬಹುದು. ತಡವಾಯಿತೆಂದರೆ ಮೂತ್ರದಲ್ಲಿ ನೆನೆದ ಅಂಗಾಂಶವೆಲ್ಲ ಊದಿ, ಹೊಲಿಗೆ ನಿಲ್ಲದಂತಾಗಿರುತ್ತದೆ. ಆಗ ಬೆನ್ನಿನ ಕೊಳವೆಯಿಂದ ಮೂತ್ರವನ್ನು ಬೇರೆ ದಾರಿಗೆ ತಿರುಗಿಸಿ, ಸಾಧ್ಯವಾದರೆ ಸ್ಟೆಂಟನ್ನು ತೂರಿಸಿ, ಸುಮಾರು ಮೂರು ತಿಂಗಳು ಕಾಯುತ್ತಾರೆ. ಹೀಗೆ ಕಾಯುವವರಲ್ಲಿಯೇ ಕೀವುಗಟ್ಟುವುದು, ನಾಳವು ಇಕ್ಕಟ್ಟಾಗುವುದು, ಕಡೆಗೆ ಮೂತ್ರಪಿಂಡವನ್ನು ಕಳೆದುಕೊಳ್ಳುವುದು ಹೆಚ್ಚು.

ಸರಿಯಾಗಿ ಹೊಲಿದ ರೋಗಿಯು ಎದ್ದು ಓಡಾಡತೊಡಗಿದ ಮೇಲೂ ಎರಡು ಕೆಲಸಗಳು ಉಳಿದಿರುತ್ತವೆ. ಒಳಗಿಟ್ಟ ಸ್ಟೆಂಟನ್ನು ನಾಲ್ಕರಿಂದ ಆರು ವಾರಗಳಲ್ಲಿ ತೆಗೆಯಬೇಕು. ಇದಕ್ಕೆ ಮತ್ತೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಸಿಸ್ಟೊಸ್ಕೋಪಿನಿಂದ ಹಿಡಿದೆಳೆದರೆ ಬರುತ್ತದೆ. ಆದರೆ ನೋವಿಲ್ಲವೆಂದು ರೋಗಿಯು ಊರಿಗೆ ಹೋಗಿ ಮರೆತುಬಿಟ್ಟರೆ, ಹಂಡೆಯ ಒಳಗೆ ಉಪ್ಪುನೀರಿನ ಕರೆ ಕಟ್ಟುವಂತೆ ಅದರ ಮೇಲೆ ಕಲ್ಲು ಕಟ್ಟುತ್ತ ಹೋಗಿ, ಒಂದೆರಡು ವರ್ಷಗಳಲ್ಲಿ ತೆಗೆಯುವುದೇ ದೊಡ್ಡ ಶಸ್ತ್ರಚಿಕಿತ್ಸೆಯಾಗುತ್ತದೆ. ಗುಂಡಿನ ಗಾಯದವರಿಗೆ ಮಾತ್ರವಲ್ಲ, ಮೂತ್ರದ ಕಲ್ಲಿಗಾಗಿ ಸ್ಟೆಂಟ್ ಹಾಕಿಸಿಕೊಳ್ಳುವ ನಮ್ಮ ನಗರವಾಸಿಗಳಿಗೂ ಈ ಮಾತು ಅನ್ವಯಿಸುತ್ತದೆ. ತೆಗೆಯಬೇಕಾದ ತಾರೀಖನ್ನು ಮನೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ಎರಡನೆಯದು, ಸುಮಾರು ಮೂರು ತಿಂಗಳ ಮೇಲೆ ಅಲ್ಟ್ರಾಸೌಂಡ್ ಮುಂತಾದ ಪರೀಕ್ಷೆಗಳಿಂದ ಮೂತ್ರಪಿಂಡವು ಊದಿಕೊಂಡಿದೆಯೇ ಎಂದು ನೋಡುವುದು. ಹೊಲಿದ ಜಾಗವು ನಿಧಾನವಾಗಿ ಇಕ್ಕಟ್ಟಾದರೆ ಅದೂ ನೋವನ್ನು ಕೊಡದೆಯೇ ಆಗಬಹುದು. ಊದಿಕೊಂಡಿರುವುದು ಆಗಲೇ ಕಂಡುಬಂದರೆ, ಕಿರಿದಾದ ಭಾಗವನ್ನು ಹಿಗ್ಗಿಸುವುದಕ್ಕೋ ಮತ್ತೆ ಹೊಲಿಯುವುದಕ್ಕೋ ಇನ್ನೂ ಕಾಲವಿರುತ್ತದೆ.